ಯೋಚನೆಗೂ ಒಂದು ಪಾಸ್‌ಬುಕ್: ಸಿಬಿಟಿ ಮತ್ತು ಖಾಸಗಿ ಕೌನ್ಸೆಲರ್

ಸಿಬಿಟಿ ಎಂದರೆ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ. ಕನ್ನಡದಲ್ಲಿ ಅರಿವಿನ ವರ್ತನಾ ಚಿಕಿತ್ಸೆ ಎನ್ನುತ್ತಾರೆ. ಹೆಸರು ಭಾರವಾಗಿದೆ, ವಿಷಯ ಅಷ್ಟು ಭಾರವಿಲ್ಲ. ನಮಗೆ ಆಗುವ ಭಯ, ಬೇಸರ, ಸಿಟ್ಟು ಪೂರ್ತಿಯಾಗಿ ಘಟನೆಯಿಂದಲೇ ಬರುವುದಿಲ್ಲ. ಆ ಕ್ಷಣದಲ್ಲಿ ಘಟನೆಯ ಬಗ್ಗೆ ನಮ್ಮ ತಲೆಯಲ್ಲಿ ಓಡುವ ಯೋಚನೆಗೂ ಅದರಲ್ಲಿ ದೊಡ್ಡ ಪಾಲಿದೆ. ಆ ಯೋಚನೆಯನ್ನು ಹಿಡಿದು ಕಾಗದದ ಮೇಲೆ ಬರೆಯುವುದು, ಅದು ಎಷ್ಟು ಸರಿ ಎಂದು ಪರಿಶೀಲಿಸುವುದು, ಭಯದಿಂದ ಬಿಟ್ಟುಬಿಟ್ಟ ಕೆಲಸವನ್ನು ಸ್ವಲ್ಪ ಸ್ವಲ್ಪವಾಗಿ ಮಾಡಿ ನೋಡುವುದು, ಇಷ್ಟೇ ಈ ಚಿಕಿತ್ಸೆ. ಮಾತ್ರೆ ಇಲ್ಲ. ಸಿನಿಮಾದಲ್ಲಿ ತೋರಿಸುವ ಹಾಗೆ ಮಂಚದ ಮೇಲೆ ಮಲಗಿಸುವುದೂ ಇಲ್ಲ. ಎರಡು ಕುರ್ಚಿ, ಒಂದು ನೋಟ್‌ಬುಕ್.

ಕಳೆದ ವರ್ಷ ನಾನು ಒಬ್ಬ ಖಾಸಗಿ ಕೌನ್ಸೆಲರ್ ಬಳಿ ಎಂಟು ಭೇಟಿ ಮುಗಿಸಿದೆ. ಇದು ಗೊತ್ತಾದ ಮೇಲೆ ನಮ್ಮ ತರಗತಿಯ ಕೆಲವರು ಬೇರೆ ಬೇರೆಯಾಗಿ, ಹತ್ತಿರ ಯಾರೂ ಇಲ್ಲದ ಹೊತ್ತು ನೋಡಿಕೊಂಡು, ಒಂದೇ ಪ್ರಶ್ನೆಗಳನ್ನು ಕೇಳಿದರು. ಅಲ್ಲಿ ಏನು ಮಾಡುತ್ತಾರೆ? ಎಷ್ಟು ದುಡ್ಡು? ಮನೆಯಲ್ಲಿ ಹೇಗೆ ಒಪ್ಪಿಸಿದೆ? ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ನೂರಕ್ಕೆ 7.3 ಮಂದಿಗೆ ಯಾವುದಾದರೂ ಒಂದು ಮಾನಸಿಕ ತೊಂದರೆ ಇತ್ತು. 60 ಜನರ ತರಗತಿಗೆ ಲೆಕ್ಕ ಹಾಕಿದರೆ ನಾಲ್ಕು ಜನ. ನನ್ನನ್ನು ಕೇಳಲು ಬಂದವರ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ.

ಈ ಪದ್ಧತಿಯನ್ನು ರೂಪಿಸಿದವರಲ್ಲಿ ಮುಖ್ಯರು ಅಮೆರಿಕದ ಮನೋವೈದ್ಯ ಆರನ್ ಬೆಕ್. 1921ರಲ್ಲಿ ಹುಟ್ಟಿ, ನೂರು ವರ್ಷ ಪೂರೈಸಿ 2021ರ ನವೆಂಬರ್‌ನಲ್ಲಿ ತೀರಿಕೊಂಡರು. ಫಿಲಡೆಲ್ಫಿಯಾದಲ್ಲಿ ಖಿನ್ನತೆಯ ರೋಗಿಗಳ ಮಾತು ಕೇಳುತ್ತಿದ್ದಾಗ 1960ರ ದಶಕದಲ್ಲಿ ಅವರು ಒಂದು ವಿಷಯ ಗಮನಿಸಿದರು. ರೋಗಿ ಹೇಳುವ ಮಾತಿನ ಹಿಂದೆ ಇನ್ನೊಂದು ಮಾತಿನ ಸಾಲು ಬೇಗ ಬೇಗ ಓಡುತ್ತಿರುತ್ತದೆ. ಅದನ್ನು ರೋಗಿ ಹೇಳುವುದಿಲ್ಲ, ಎಷ್ಟೋ ಸಲ ಗಮನಿಸುವುದೂ ಇಲ್ಲ, ಆದರೆ ನಂಬುತ್ತಾನೆ. ಬೆಕ್ ಅದನ್ನು ತಾನಾಗಿ ಬರುವ ಯೋಚನೆ ಎಂದು ಕರೆದರು. ಅದಕ್ಕೂ ಸ್ವಲ್ಪ ಮೊದಲೇ, 1950ರ ದಶಕದಲ್ಲಿ, ಆಲ್ಬರ್ಟ್ ಎಲ್ಲಿಸ್ ಎಂಬುವರು ಇದೇ ದಾರಿಯಲ್ಲಿ ಕೆಲಸ ಶುರುಮಾಡಿದ್ದರು.

ಇನ್ನೂ ಹಳೆಯ ಹೆಸರೊಂದಿದೆ. ಈಗಿನ ಅಫ್ಘಾನಿಸ್ತಾನದ ಬಲ್ಖ್ ಪ್ರದೇಶದ ಅಬೂ ಝೈದ್ ಅಲ್-ಬಲ್ಖಿ 934ರಲ್ಲಿ ತೀರಿಕೊಂಡ ವಿದ್ವಾಂಸರು. ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಅವರು ಅರಬಿಯಲ್ಲಿ ಬರೆದ ಪುಸ್ತಕದ ಎರಡನೇ ಭಾಗ ಪೂರ್ತಿ ಮನಸ್ಸಿಗೇ ಮೀಸಲು. ಸಿಟ್ಟು, ಭಯ, ದುಃಖ ಮತ್ತು ನಮ್ಮ ಮನೆಗಳಲ್ಲಿ ಇಂದಿಗೂ ವಸ್‌ವಸಾ ಎನ್ನುವ ಬಿಡದ ಯೋಚನೆಗಳನ್ನು ಅವರು ಬೇರೆ ಬೇರೆಯಾಗಿ ಚರ್ಚಿಸುತ್ತಾರೆ. ಆರೋಗ್ಯವಾಗಿರುವಾಗಲೇ ಮನೆಯಲ್ಲಿ ಔಷಧಿ ತೆಗೆದಿಟ್ಟುಕೊಳ್ಳುವಂತೆ, ಮನಸ್ಸು ಶಾಂತವಾಗಿರುವಾಗಲೇ ಸರಿಯಾದ ಯೋಚನೆಗಳನ್ನು ಕೂಡಿಟ್ಟುಕೊಳ್ಳಬೇಕು ಎಂಬುದು ಅವರ ಸಲಹೆ. ಸಿಬಿಟಿಯನ್ನು ಬಲ್ಖಿಯವರೇ ಕಂಡುಹಿಡಿದರು ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಅದು ಅತಿಯಾಯಿತು. ಬೆಕ್ ಮತ್ತು ಎಲ್ಲಿಸ್ ನೆನೆದದ್ದು ಗ್ರೀಕ್ ತತ್ವಜ್ಞಾನಿಗಳನ್ನು. ಆದರೆ ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೇಳುವುದು ನಮ್ಮವರಿಗೆ ಹೊಸದಲ್ಲ ಎಂದು ಹೇಳಲು ಬಲ್ಖಿ ಸಾಕು. ನನ್ನ ನಾನಿಯನ್ನು ಒಪ್ಪಿಸಿದ್ದು ಈ ಹೆಸರೇ.

ಈಗ ನಮ್ಮ ಲೆಕ್ಕಶಾಸ್ತ್ರಕ್ಕೆ ಬರೋಣ. ಪ್ರಥಮ ಪಿಯುಸಿಯಲ್ಲಿ ಬ್ಯಾಂಕ್ ಹೊಂದಾಣಿಕೆ ಪಟ್ಟಿ ಮಾಡಿದ್ದೇವೆ. ನಗದು ಪುಸ್ತಕ ನಾವು ಬರೆಯುವುದು, ಪಾಸ್‌ಬುಕ್ ಬ್ಯಾಂಕ್ ಬರೆಯುವುದು. ತಿಂಗಳ ಕೊನೆಗೆ ಎರಡರ ಶಿಲ್ಕು ಹೊಂದುವುದಿಲ್ಲ. ಆಗ ನಾವು ಪುಸ್ತಕ ಹರಿಯುವುದಿಲ್ಲ. ಕೊಟ್ಟ ಚೆಕ್ ಇನ್ನೂ ಹಾಜರಾಗಿಲ್ಲವೇ, ಬ್ಯಾಂಕ್ ಶುಲ್ಕ ನಮ್ಮ ಪುಸ್ತಕದಲ್ಲಿ ಬಿಟ್ಟುಹೋಗಿದೆಯೇ, ಯಾರಾದರೂ ಅಂಕಿ ತಪ್ಪಾಗಿ ಬರೆದಿದ್ದಾರೆಯೇ ಎಂದು ಒಂದೊಂದಾಗಿ ಗುರುತು ಹಾಕುತ್ತೇವೆ. ಸಿಬಿಟಿಯಲ್ಲಿ ತುಂಬುವ ಯೋಚನೆಯ ಪಟ್ಟಿ ಹೆಚ್ಚುಕಡಿಮೆ ಇದೇ. ನನ್ನ ನೋಟ್‌ಬುಕ್‌ನಲ್ಲಿ ಏಳು ಕಾಲಂ ಇತ್ತು. ಏನು ನಡೆಯಿತು, ಏನು ಅನಿಸಿತು ಮತ್ತು ಅದು ನೂರಕ್ಕೆ ಎಷ್ಟು, ಆಗ ತಲೆಯಲ್ಲಿ ಬಂದ ಮಾತು, ಆ ಮಾತಿಗೆ ಸಾಕ್ಷಿ, ಅದಕ್ಕೆ ವಿರುದ್ಧವಾದ ಸಾಕ್ಷಿ, ಎರಡನ್ನೂ ನೋಡಿದ ಮೇಲೆ ಹೇಳಬಹುದಾದ ಮಾತು, ಈಗ ಅನಿಸಿಕೆ ನೂರಕ್ಕೆ ಎಷ್ಟು.

ಹೊಂದಾಣಿಕೆ ಪಟ್ಟಿ ಮಾಡಿದರೆ ಖಾತೆಯಲ್ಲಿ ದುಡ್ಡು ಹೆಚ್ಚಾಗುವುದಿಲ್ಲ. ಇರುವುದು ಎಷ್ಟು ಎಂದು ಗೊತ್ತಾಗುತ್ತದೆ. ಸಿಬಿಟಿಯೂ ಹಾಗೆ, ಎಲ್ಲ ಒಳ್ಳೆಯದೇ ಆಗುತ್ತದೆ ಎಂದು ಹೇಳಿಕೊಳ್ಳುವ ಪಾಸಿಟಿವ್ ಥಿಂಕಿಂಗ್ ಅಲ್ಲ. ಇದನ್ನು ತಿಳಿಯದೆ ಹೋದವರಿಗೆ ನಿರಾಸೆಯಾಗುತ್ತದೆ.

ಹೆದರಿದ ಮನಸ್ಸು ಮಾಡುವ ಕೆಲವು ತಪ್ಪು ನಮೂದುಗಳಿಗೆ ಹೆಸರಿದೆ. ಇನ್ನೊಬ್ಬರ ಮನಸ್ಸನ್ನು ಓದಿಬಿಟ್ಟೆ ಎಂದುಕೊಳ್ಳುವುದು, ಪೂರ್ತಿ ಇಲ್ಲವೇ ಸೊನ್ನೆ ಎನ್ನುವುದು, ಸಣ್ಣದನ್ನು ದುರಂತದವರೆಗೆ ಎಳೆಯುವುದು. ನನಗೆ ತಕ್ಷಣ ಅರ್ಥವಾದದ್ದು ಕೆಟ್ಟದ್ದನ್ನು ಮಾತ್ರ ಸೋಸಿ ಇಟ್ಟುಕೊಳ್ಳುವ ತಪ್ಪು. ಲೆಕ್ಕಶಾಸ್ತ್ರದ ಎಚ್ಚರಿಕೆಯ ತತ್ವ ನೆನಪಿದೆಯಲ್ಲ: ಬರಬಹುದಾದ ಎಲ್ಲ ನಷ್ಟಕ್ಕೂ ಅವಕಾಶ ಇಡು, ಕೈಗೆ ಬಾರದ ಲಾಭವನ್ನು ಬರೆಯಬೇಡ. ವ್ಯಾಪಾರಕ್ಕೆ ಅದು ಸರಿ. ಆತಂಕದ ಮನಸ್ಸು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಕೈಗೆ ಬಂದ ಲಾಭವನ್ನೂ ಬರೆಯುವುದಿಲ್ಲ.

ನನ್ನ ತೊಂದರೆ ಕನ್ನಡದಲ್ಲಿ ಎದ್ದು ನಿಂತು ಮಾತನಾಡುವುದಾಗಿತ್ತು. ಬರೆಯುವುದು ಬರುತ್ತದೆ, ಅಂಕವೂ ಬರುತ್ತದೆ. ಮನೆಯ ಮಾತು ಉರ್ದು, ಅದೂ ನಮ್ಮ ಕಡೆಯ ದಖನಿ. ಸೆಮಿನಾರ್ ಎಂದರೆ ಹಿಂದಿನ ರಾತ್ರಿಯಿಂದಲೇ ಹೊಟ್ಟೆ ತೊಳೆಸುವುದು, ಕೈ ತಣ್ಣಗಾಗುವುದು. ಹಾಜರಾತಿ ಶೇಕಡಾ 75ರ ಹತ್ತಿರಕ್ಕೆ ಇಳಿದಾಗ ಉಪನ್ಯಾಸಕರೊಬ್ಬರು ಪಟ್ಟಿ ನೋಡಿ, ನೀನು ರಜೆ ಹಾಕಿದ ದಿನಗಳೆಲ್ಲ ಸೆಮಿನಾರ್ ದಿನಗಳೇ ಎಂದು ತೋರಿಸಿದರು. ಕೌನ್ಸೆಲರ್ ಮಾತು ಮೊದಲು ಎತ್ತಿದ್ದು ಅವರೇ. ಸಿಬ್ಬಂದಿ ಇದನ್ನು ಓದುತ್ತಿದ್ದರೆ, ಹಾಜರಾತಿ ಪುಸ್ತಕದಲ್ಲಿ ಇಂಥ ವಿಷಯವೂ ಸಿಗುತ್ತದೆ ಎಂದು ಹೇಳಲು ಬಯಸುತ್ತೇನೆ.

ತಲೆಯಲ್ಲಿ ಬಂದ ಮಾತನ್ನು ಬಂದ ಭಾಷೆಯಲ್ಲೇ ಬರೆ ಎಂದರು ಕೌನ್ಸೆಲರ್. ಇದು ಸಣ್ಣ ವಿಷಯವಲ್ಲ. "ಜನ ನನ್ನ ಬಗ್ಗೆ ತಪ್ಪು ತಿಳಿಯುತ್ತಾರೆ" ಎಂದು ಶುದ್ಧ ಕನ್ನಡದಲ್ಲಿ ಬರೆದರೆ ನನಗೆ ಏನೂ ಆಗುವುದಿಲ್ಲ, ಪಠ್ಯದ ವಾಕ್ಯ ಓದಿದ ಹಾಗಿರುತ್ತದೆ. "ಲೋಗಾಂ ಕ್ಯಾ ಬೋಲ್ತೆ" ಎಂದು ಬರೆದಾಗ ಎದೆ ಹೊಡೆದುಕೊಳ್ಳುತ್ತದೆ. ಉರ್ದು ಲಿಪಿಯಲ್ಲಿ ನನ್ನ ಕೈ ನಿಧಾನ, ಆದ್ದರಿಂದ ಉರ್ದು ಮಾತನ್ನು ಕನ್ನಡ ಅಕ್ಷರದಲ್ಲಿ ಬರೆದೆ. ಘಬ್ರಾಹಟ್ ಎಂಬ ಮಾತಿಗೆ ಸರಿಯಾದ ಕನ್ನಡ ಪದ ಇನ್ನೂ ನನಗೆ ಸಿಕ್ಕಿಲ್ಲ, ಭಯವೂ ಅಲ್ಲ, ಗಾಬರಿಯೂ ಪೂರ್ತಿ ಅಲ್ಲ. ಕೌನ್ಸೆಲರ್‌ಗೆ ನಿಮ್ಮ ಮನೆಯ ಭಾಷೆ ಸ್ವಲ್ಪವಾದರೂ ಅರ್ಥವಾಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಪಟ್ಟಿ ತುಂಬುವುದು ಅರ್ಧ ಕೆಲಸ. ಇನ್ನರ್ಧ ಪ್ರಯೋಗ. ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಎಂಬ ಮನಶ್ಶಾಸ್ತ್ರಜ್ಞರು 1995ರಲ್ಲಿ ಜನರೆದುರಿನ ಭಯ ಯಾಕೆ ಕಡಿಮೆಯಾಗುವುದಿಲ್ಲ ಎಂದು ವಿವರಿಸಿದರು. ಹೆದರಿದವರ ಗಮನ ಎದುರಿನ ಜನರ ಮೇಲೆ ಇರುವುದಿಲ್ಲ, ತಮ್ಮ ಮೇಲೆಯೇ ಇರುತ್ತದೆ: ಧ್ವನಿ ನಡುಗುತ್ತಿದೆಯೇ, ಮುಖ ಕೆಂಪಾಯಿತೇ. ಜೊತೆಗೆ ತಪ್ಪಿಸಿಕೊಳ್ಳುವ ಸಣ್ಣ ಉಪಾಯಗಳು: ಕಣ್ಣೆತ್ತಿ ನೋಡದಿರುವುದು, ಬೇಗ ಬೇಗ ಓದಿ ಮುಗಿಸುವುದು, ಪ್ರತಿ ವಾಕ್ಯವನ್ನೂ ಮೊದಲೇ ಬಾಯಿಪಾಠ ಮಾಡುವುದು. ಇದರಿಂದ ಏನೂ ಕೆಟ್ಟದ್ದಾಗದಿದ್ದಾಗಲೂ ಉಪಾಯದಿಂದ ಬಚಾವಾದೆ ಎಂದೇ ಮನಸ್ಸು ಬರೆದುಕೊಳ್ಳುತ್ತದೆ.

ಹಾಗಾಗಿ ಮೊದಲು ಭವಿಷ್ಯ ಬರೆಯಬೇಕು, ನಂತರ ಮಾಡಿ ಎಣಿಸಬೇಕು. ನಾನು ಬರೆದದ್ದು: ತರಗತಿಯಲ್ಲಿ ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದರೆ ಕನಿಷ್ಠ 30 ಜನ ನಗುತ್ತಾರೆ, ನಂಬಿಕೆ ನೂರಕ್ಕೆ 90. ಕೇಳಿದೆ. ತಲೆ ಎತ್ತಿ ಎಣಿಸಿದೆ. ಮೂವರು. ಅವರಲ್ಲಿ ಇಬ್ಬರು ಡೆಸ್ಕ್ ಕೆಳಗಿನ ಏನನ್ನೋ ನೋಡಿ ನಗುತ್ತಿದ್ದರು. ನಂಬಿಕೆ 90ರಿಂದ 60ಕ್ಕೆ ಇಳಿಯಿತು, ಸೊನ್ನೆಗೆ ಅಲ್ಲ. ಮುಂದಿನ ವಾರದ ಮನೆಗೆಲಸ ಇನ್ನೂ ವಿಚಿತ್ರ: ಬೇಕೆಂದೇ ತಪ್ಪು ಕನ್ನಡ ಮಾತನಾಡುವುದು. ಸ್ಟೇಷನರಿ ಅಂಗಡಿಗೆ ಹೋಗಿ "ನನ್ನ ತಮ್ಮ ಹೇಳಿದಳು, ಒಂದು ಲಾಂಗ್ ಬುಕ್ ಕೊಡಿ" ಎಂದೆ. ಭೂಮಿ ಬಾಯಿ ಬಿಡುತ್ತದೆ ಎಂದುಕೊಂಡಿದ್ದೆ. ಅಂಗಡಿಯವರು ಮುಖ ಕೂಡ ಎತ್ತದೆ "ರೂಲ್ಡಾ, ಪ್ಲೇನಾ?" ಎಂದು ಕೇಳಿದರು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ನನ್ನ ಉಚ್ಚಾರಣೆಯನ್ನು ಅಣಕಿಸುತ್ತಿದ್ದ ಒಬ್ಬ ಹುಡುಗ ನಿಜವಾಗಿಯೂ ಇದ್ದ. ಕೌನ್ಸೆಲರ್ ಅದನ್ನು ನಿನ್ನ ಕಲ್ಪನೆ ಎನ್ನಲಿಲ್ಲ. ಸಾಕ್ಷಿಯ ಕಾಲಂನಲ್ಲಿ ಬರೆಸಿದರು, ಅಲ್ಲಿಂದ ಅಳಿಸಲೂ ಇಲ್ಲ. ಒಬ್ಬ ಅಣಕಿಸುತ್ತಾನೆ ಎಂಬುದು ಸತ್ಯ, ಎಲ್ಲರೂ ಹಾಗೆ ಎಂಬುದು ಲೆಕ್ಕದ ತಪ್ಪು. ಮೊದಲನೆಯದಕ್ಕೆ ಪರಿಹಾರ ನನ್ನ ಯೋಚನೆ ತಿದ್ದುವುದಲ್ಲ, ತರಗತಿ ಶಿಕ್ಷಕರಿಗೆ ಹೇಳುವುದು. ಅದಕ್ಕೆ ಒಂದು ಭೇಟಿ ಪೂರ್ತಿ ಅಭ್ಯಾಸ ಮಾಡಿ, ಹೇಳಿದೆ. ನಿಮಗೆ ನಿಜವಾಗಿ ಆಗುತ್ತಿರುವ ಅನ್ಯಾಯವನ್ನು ಬರಿ ನಿಮ್ಮ ಯೋಚನೆಯ ದೋಷ ಎನ್ನುವ ಕೌನ್ಸೆಲರ್ ಸಿಕ್ಕರೆ ಅವರು ಸಿಬಿಟಿಯನ್ನು ಸರಿಯಾಗಿ ಮಾಡುತ್ತಿಲ್ಲ.

ಇನ್ನು ಯಾರ ಬಳಿ ಹೋಗಬೇಕು ಎಂಬುದು. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರ ಓದಿದ ಡಾಕ್ಟರ್, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಚಿಕಿತ್ಸೆಯ ತರಬೇತಿ ಪಡೆದವರು, 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು, ಅವರಿಗೆ ಸಿಆರ್‌ಆರ್ ಸಂಖ್ಯೆ ಇರುತ್ತದೆ. ಕೌನ್ಸೆಲರ್ ಎಂಬ ಬೋರ್ಡ್ ನೋಡಿ ಮಾತ್ರ ಏನೂ ಗೊತ್ತಾಗುವುದಿಲ್ಲ. ಮನಶ್ಶಾಸ್ತ್ರದಲ್ಲಿ ಎಂಎಸ್‌ಸಿ ಮಾಡಿ, ಅನುಭವಿಗಳ ಕೈಕೆಳಗೆ ವರ್ಷಗಟ್ಟಲೆ ಕೆಲಸ ಮಾಡಿದವರೂ ಆ ಬೋರ್ಡ್ ಹಾಕುತ್ತಾರೆ, ಎರಡು ದಿನದ ಕಾರ್ಯಾಗಾರಕ್ಕೆ ಹೋಗಿ ಬಂದವರೂ ಹಾಕುತ್ತಾರೆ.

ನಾವು ಮೊದಲು ಹೋದದ್ದು ಎರಡನೇ ಬಗೆಯವರ ಬಳಿ. 45 ನಿಮಿಷ, 1000 ರೂಪಾಯಿ. ಮಾತನಾಡಿದ್ದೆಲ್ಲ ಅವರೇ. ಮೊಬೈಲ್ ಬಿಡು, ಬೆಳಗ್ಗೆ ಬೇಗ ಏಳು, ನಿನ್ನ ವಯಸ್ಸಿನಲ್ಲಿ ನಾನು ಹೀಗಿರಲಿಲ್ಲ. ಅಮ್ಮಿಗೆ ಅವರು ಬಹಳ ಇಷ್ಟವಾದರು, ಮೊಬೈಲ್ ವಿಷಯದಲ್ಲಿ ಇಬ್ಬರದೂ ಒಂದೇ ಅಭಿಪ್ರಾಯ. ಕೊನೆಗೆ 12 ಭೇಟಿಯ ಹಣ ಮುಂಗಡ ಕಟ್ಟಿದರೆ ರಿಯಾಯಿತಿ, ಗುಣವಾಗುವುದು ಗ್ಯಾರಂಟಿ ಎಂದರು. ಗ್ಯಾರಂಟಿ ಎಂಬ ಮಾತು ಕೇಳಿದ ಕೂಡಲೇ ಅಬ್ಬಾ ಎದ್ದರು. ಬಟ್ಟೆ ಅಂಗಡಿಯಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವರು, ಯಾವ ಬಣ್ಣಕ್ಕೆ ಗ್ಯಾರಂಟಿ ಕೊಡಬಾರದು ಎಂದು ಅವರಿಗೆ ಗೊತ್ತು.

ವ್ಯವಹಾರ ಅಧ್ಯಯನದಲ್ಲಿ ನಾವು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆರು ಹಕ್ಕುಗಳನ್ನು ಬಾಯಿಪಾಠ ಮಾಡುತ್ತೇವೆ. ಮಾಹಿತಿ ಪಡೆಯುವ ಹಕ್ಕು ಅದರಲ್ಲಿ ಒಂದು. ಎರಡನೇ ಸಲ ಹೋಗುವಾಗ ಆ ಪಾಠವನ್ನು ಜೊತೆಗೆ ತೆಗೆದುಕೊಂಡು ಹೋದೆ. ಏನು ಓದಿದ್ದೀರಿ, ಸಿಬಿಟಿಯಲ್ಲಿ ತರಬೇತಿ ಎಲ್ಲಿ ಆಯಿತು, ಸುಮಾರು ಎಷ್ಟು ಭೇಟಿ ಬೇಕಾಗಬಹುದು, ಸುಧಾರಿಸುತ್ತಿದೆಯೋ ಇಲ್ಲವೋ ಎಂದು ಹೇಗೆ ಅಳೆಯುತ್ತೀರಿ, ಸುಧಾರಿಸದಿದ್ದರೆ ಮುಂದೇನು. ಒಳ್ಳೆಯ ಕೌನ್ಸೆಲರ್ ಈ ಪ್ರಶ್ನೆಗಳಿಗೆ ಬೇಸರ ಮಾಡುವುದಿಲ್ಲ. ಸಿಬಿಟಿ ಸಾಮಾನ್ಯವಾಗಿ 6ರಿಂದ 20 ಭೇಟಿಯ ಕೆಲಸ, ವರ್ಷಗಟ್ಟಲೆ ಎಳೆಯುವುದಲ್ಲ. ಪ್ರತಿ ಭೇಟಿಯಲ್ಲೂ ಇವತ್ತು ಏನು ಮಾಡೋಣ ಎಂದು ಇಬ್ಬರೂ ಸೇರಿ ನಿರ್ಧರಿಸುತ್ತಾರೆ, ಕೊನೆಗೆ ಮನೆಗೆಲಸ ಕೊಡುತ್ತಾರೆ, ಮುಂದಿನ ಸಲ ಅದನ್ನು ತೆರೆದು ನೋಡುತ್ತಾರೆ. ಮೂರು ಭೇಟಿಯಾದರೂ ನೋಟ್‌ಬುಕ್ ಖಾಲಿ ಇದ್ದರೆ ನೀವು ದುಡ್ಡು ಕೊಡುತ್ತಿರುವುದು ಬೇರೆ ಯಾವುದಕ್ಕೋ. ಅದೂ ಒಳ್ಳೆಯದಿರಬಹುದು, ಆದರೆ ಸಿಬಿಟಿ ಅಲ್ಲ.

ಖರ್ಚು ಹೇಳುತ್ತೇನೆ. ಎರಡನೆಯವರದು ಭೇಟಿಗೆ 800 ರೂಪಾಯಿ. ಎಂಟು ಭೇಟಿಗೆ 6400, ಬಸ್ಸಿಗೆ ಹೋಗಿ ಬರಲು 40ರಂತೆ 320, ಒಟ್ಟು 6720. ನಮ್ಮ ಮನೆಗೆ ಇದು ಸಣ್ಣ ಮೊತ್ತವಲ್ಲ. ಐದನೆಯದರ ನಂತರ ವಾರದ ಬದಲು ಹದಿನೈದು ದಿನಕ್ಕೊಮ್ಮೆ ಬರಬಹುದೇ ಎಂದು ಕೇಳಿದೆ, ಒಪ್ಪಿದರು. ವಿದ್ಯಾರ್ಥಿಗಳಿಗೆ ಕಡಿಮೆ ಮಾಡುವವರೂ ಇದ್ದಾರೆ, ಕೇಳದೆ ಗೊತ್ತಾಗುವುದಿಲ್ಲ. ಇಷ್ಟು ಕೊಡಲು ಆಗದಿದ್ದರೆ ಖಾಸಗಿಯೇ ಆಗಬೇಕೆಂದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ಗೆ 14416 ಒತ್ತಿದರೆ ದಿನದ 24 ಗಂಟೆಯೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಖಾಸಗಿಯವರ ಬಳಿ ಸಿಕ್ಕಿದ್ದು ಪ್ರತಿ ವಾರ ಅದೇ ವ್ಯಕ್ತಿ, ಅದೇ ಸಮಯ. ಕ್ಯೂ ಇಲ್ಲ. ನಾವು 800 ಕೊಟ್ಟದ್ದು ಮುಖ್ಯವಾಗಿ ಅದಕ್ಕೆ.

ಮನೆಯವರ ವಿಷಯ. ನಮಗೆ 18 ತುಂಬಿಲ್ಲ, ಆದ್ದರಿಂದ ಕೌನ್ಸೆಲರ್ ತಂದೆ ಅಥವಾ ತಾಯಿಯ ಒಪ್ಪಿಗೆ ಕೇಳುತ್ತಾರೆ, ಕದ್ದು ಹೋಗುವ ದಾರಿ ಹುಡುಕಬೇಡಿ. ಅಬ್ಬಾರ ಪ್ರಶ್ನೆ ದುಡ್ಡಿನದಾಗಿತ್ತು, ಅದಕ್ಕೆ ಮೇಲಿನ ಲೆಕ್ಕ ತೋರಿಸಿದೆ. ಅಮ್ಮಿಯ ಪ್ರಶ್ನೆ ಕಷ್ಟದ್ದು: ನಾಳೆ ರಿಷ್ತಾ ಬಂದಾಗ ಯಾರಾದರೂ ಹೇಳಿಬಿಟ್ಟರೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೌಪ್ಯತೆಯನ್ನು ಹಕ್ಕು ಎನ್ನುತ್ತದೆ. ಇದನ್ನು ನಾನು ಹೇಳಿದಾಗ ಅಮ್ಮಿ ನಂಬಲಿಲ್ಲ. ಮೊದಲ ದಿನ ಕೌನ್ಸೆಲರ್ ಅಮ್ಮಿಯ ಜೊತೆ ಹತ್ತು ನಿಮಿಷ ಕೂತು ಹೇಳಿದಾಗ ನಂಬಿದರು. ಮಗಳು ಹೇಳಿದ್ದನ್ನು ನಿಮಗೂ ಹೇಳುವುದಿಲ್ಲ, ಅವಳ ಜೀವಕ್ಕೆ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದ್ದರೆ ಮಾತ್ರ ಹೇಳುತ್ತೇನೆ ಎಂದರು. ಇನ್ನೊಂದು ಅಪವಾದವನ್ನೂ ತಿಳಿದಿರಿ: 18ರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯಂತೆ ಅದನ್ನು ವರದಿ ಮಾಡಲೇಬೇಕು.

ನಾನಿ ದುಆ ಓದಿ ಊದುವುದನ್ನು ಬಿಡಲಿಲ್ಲ. ಯಾರೂ ಬಿಡಿ ಎನ್ನಲೂ ಇಲ್ಲ. ಬುಧವಾರ ಸಂಜೆ ನಾನು ಬಸ್ ಹತ್ತುವ ಮೊದಲು ಓದಿ ಕಳಿಸುತ್ತಿದ್ದರು.

ಸಿಬಿಟಿ ಎಲ್ಲಕ್ಕೂ ಸಾಲುವುದಿಲ್ಲ. ಬದುಕು ಬೇಡ ಎಂಬ ಯೋಚನೆ ಬರುತ್ತಿದ್ದರೆ, ಊಟ ನಿದ್ದೆ ಪೂರ್ತಿ ಕೆಟ್ಟಿದ್ದರೆ, ಬೇರೆಯವರಿಗೆ ಕೇಳದ ಧ್ವನಿಗಳು ಕೇಳುತ್ತಿದ್ದರೆ ಕೌನ್ಸೆಲರ್‌ಗಾಗಿ ಹುಡುಕುತ್ತ ಕೂರದೆ ಅಂದೇ ದೊಡ್ಡವರೊಬ್ಬರಿಗೆ ಹೇಳಿ, ಮನೋವೈದ್ಯರ ಬಳಿ ಅಥವಾ ಆಸ್ಪತ್ರೆಗೆ ಹೋಗಬೇಕು. ರಾತ್ರಿಯಾಗಿದ್ದರೆ 14416.

ಉಳಿದವರಿಗೆ ಮೊದಲ ಫೋನೇ ಕಷ್ಟ. ಜನರೊಡನೆ ಮಾತನಾಡಲು ಹೆದರುವವರು ಚಿಕಿತ್ಸೆಗಾಗಿ ಮೊದಲು ಅಪರಿಚಿತರಿಗೆ ಫೋನ್ ಮಾಡಬೇಕು ಎಂಬುದು ಒಂದು ತಮಾಷೆಯೇ. ನಾನು ಚೀಟಿಯಲ್ಲಿ ಬರೆದುಕೊಂಡು ಓದಿದ್ದು ಇಷ್ಟು, ಬೇಕಾದವರು ನಕಲು ಮಾಡಿಕೊಳ್ಳಿ: "ನನಗೆ 17 ವರ್ಷ. ತರಗತಿಯಲ್ಲಿ ಮಾತನಾಡಲು ತುಂಬ ಹೆದರಿಕೆಯಾಗುತ್ತದೆ, ಆರು ತಿಂಗಳಾಯಿತು. ನೀವು ಸಿಬಿಟಿ ಮಾಡುತ್ತೀರಾ? ಒಂದು ಭೇಟಿಗೆ ಎಷ್ಟು? ತಾಯಿಯ ಜೊತೆ ಬರುತ್ತೇನೆ, ಅವರಿಗೆ ಉರ್ದು ಬರುತ್ತದೆ, ಕನ್ನಡ ಸ್ವಲ್ಪ ಬರುತ್ತದೆ."